ಸಾಲಿ ಬಿಡಿಸಿದ ಐದು ವರ್ಷ

2017ರ ಏಪ್ರಿಲ್ ಕೊನೆಯಲ್ಲಿ, ಮಗಳ ಎರಡನೆಯ ಇಯತ್ತೆಯ ಫಲಿತಾಂಶ ಬಂದ ಮರುದಿನ, ಜೂನ್‌ನಿಂದ ಅವಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವುದೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿ, ಧಾರವಾಡದಲ್ಲಿದ್ದ ಅತ್ತೆಯವರಿಗೆ ಪುಣೆಯಿಂದ ಫೋನು ಮಾಡಿ ತಿಳಿಸಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಹುಡುಗೀನ ಸಾಲಿ ಬಿಡಿಸಿದ್ರೇನ?" ಎಂದಷ್ಟೇ ಕೇಳಿದರು. ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಮನೆಯಲ್ಲಿ ಕೈಸಾಗದಾಗ, ತಮ್ಮನನ್ನು ಎತ್ತಿಕೊಳ್ಳಲು ಯಾರೂ ಇಲ್ಲದಾಗ, ಮದುವೆ ಗೊತ್ತಾದಾಗ ಹೆಣ್ಣುಮಕ್ಕಳನ್ನು ಸಾಲಿ ಬಿಡಿಸುತ್ತಿದ್ದರು. ಅತ್ತೆಯವರನ್ನೂ ಏಳನೆಯ ಇಯತ್ತೆಯ ಕೊನೆಯ ಮುಲ್ಕಿ ಪರೀಕ್ಷೆಗೆ ಕೂರುವ ಮೊದಲೇ ಹಾಗೆ ಬಿಡಿಸಿದ್ದರು. ಮುಲ್ಕಿ ಪಾಸಾಗಿದ್ದರೆ ತಾನೂ ಮಾಸ್ತರಿಕೆ ಮಾಡಬಹುದಿತ್ತು ಎಂಬುದನ್ನು ಅವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾವು ಮಾಡುತ್ತಿರುವುದು ಬೇರೆ, ಇದಕ್ಕೆ ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ ಎಂದು ನಾನು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಅವರು ವಾದಿಸಲೂ ಇಲ್ಲ. ಐದು ವರ್ಷಗಳ ನಂತರ ಹಿಂದಿರುಗಿ ನೋಡಿದಾಗ, ಅವರು ಆ ದಿನ ಕೇಳಿದ ಪ್ರಶ್ನೆಯನ್ನು ನಾನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು ಎನಿಸುತ್ತದೆ.

ಬಿಡಿಸಿದ್ದೇಕೆ ಎಂಬುದನ್ನು ಮೊದಲು ಹೇಳಬೇಕು. ಮನೆಯಲ್ಲಿ ಕನ್ನಡ, ಕೆಳಗೆ ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಟೀವಿಯಲ್ಲಿ ಹಿಂದಿ, ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆಯುತ್ತಿದ್ದ ಮಗು ಏಳು ದಾಟಿದರೂ ಒಂದರಲ್ಲಿಯೂ ಸರಾಗವಾಗಿ ಓದುತ್ತಿರಲಿಲ್ಲ. ತರಗತಿಯಲ್ಲಿ 54 ಮಕ್ಕಳಿದ್ದರು. 200ಕ್ಕಿಂತ ಹೆಚ್ಚು ಮಕ್ಕಳಿರುವ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ 40ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆಯಾದರೂ, ಅಷ್ಟು ಮಕ್ಕಳನ್ನು ಒಬ್ಬರೇ ನಿಭಾಯಿಸುತ್ತಿದ್ದ ಆ ಶಿಕ್ಷಕಿಯವರನ್ನು ದೂರಲು ನನಗೆ ಮನಸ್ಸಿಲ್ಲ. ಅವರು ಮಗಳನ್ನು ಒಮ್ಮೆಯೂ ಗದರಿಸಿದವರಲ್ಲ. ಫಲಕದ ಮೇಲಿದ್ದುದನ್ನು ಮಗಳು ಚೆನ್ನಾಗಿ ನಕಲು ಮಾಡುತ್ತಿದ್ದಳು. ಆದ್ದರಿಂದ ಅವಳಿಗೆ ಓದಲು ಬರುವುದಿಲ್ಲವೆಂಬುದು ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಎರಡನೆಯ ಇಯತ್ತೆಯ ದೀಪಾವಳಿಯ ನಂತರ ಪ್ರತಿದಿನ ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಇರುತ್ತಿರಲಿಲ್ಲ.

ಯಜಮಾನರಿಗೆ ಭೋಸರಿಯ ಕಾರ್ಖಾನೆಯಲ್ಲಿ ಕೆಲಸ, ನನಗೆ ವಿಮಾ ಕಚೇರಿಯಲ್ಲಿ. ಯಾರಾದರೊಬ್ಬರು ಬಿಡಬೇಕಿತ್ತು. ಇಬ್ಬರ ಸಂಬಳವನ್ನು ಕಾಗದದ ಮೇಲೆ ಬರೆದು ನೋಡಿದೆವು. ನನ್ನದು ಕಡಿಮೆಯಿತ್ತು, ನಾನು ಬಿಟ್ಟೆ. ಆ ಲೆಕ್ಕವನ್ನು ಅಷ್ಟು ಬೇಗ ಮುಗಿಸಿದ್ದು ಸರಿಯಲ್ಲವೆಂದು ಈಗ ತಿಳಿಯುತ್ತದೆ. ನನ್ನ ಪರಿಚಯದ ಏಳೆಂಟು ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಒಂದನ್ನುಳಿದು ಎಲ್ಲೆಡೆ ಕೆಲಸ ಬಿಟ್ಟವಳು ತಾಯಿಯೇ. ಮನೆಯಲ್ಲಿ ಕಲಿಸಿದರೆ ಶಾಲೆಯ ಶುಲ್ಕ ಉಳಿಯುತ್ತದೆ ಎನ್ನುವವರು ತಾಯಿಯ ಸಂಬಳ, ಭವಿಷ್ಯನಿಧಿ, ಐದು ವರ್ಷದ ಬಡ್ತಿ ಇವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾನೂನಿನ ವಿಷಯವನ್ನು ಎಲ್ಲರೂ ಕೇಳುತ್ತಾರೆ. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು; ಅದನ್ನು ಜಾರಿಗೆ ತರುವ ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ನಡೆಯತೊಡಗಿತು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ, ಆದರೆ ಸೇರಿಸದ ತಂದೆತಾಯಿಗೆ ದಂಡವನ್ನೇನೂ ವಿಧಿಸಿಲ್ಲ. ಹೋಮ್‌ಸ್ಕೂಲಿಂಗ್ ಎಂಬ ಹೆಸರೂ ಅದರಲ್ಲಿಲ್ಲ. ನಾವೆಲ್ಲ ನಿಂತಿರುವುದು ಆ ಮೌನದ ಮೇಲೆ. ಮುಂದಿನ ದಾರಿಗಳು ಮಾತ್ರ ಸ್ಪಷ್ಟವಾಗಿವೆ: 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯಿಂದ, ಅಂದರೆ ಎನ್‌ಐಒಎಸ್‌ನಿಂದ, 3, 5 ಮತ್ತು 8ನೆಯ ತರಗತಿಗೆ ಸಮಾನವಾದ ಹಂತಗಳನ್ನೂ 14 ತುಂಬಿದ ಮೇಲೆ ಹತ್ತನೆಯದನ್ನೂ ಮುಗಿಸಬಹುದು, ಮಹಾರಾಷ್ಟ್ರ ಮಂಡಳಿಯ ಹತ್ತನೆಯ ಪರೀಕ್ಷೆಗೆ 17 ನಂಬರಿನ ಫಾರ್ಮು ತುಂಬಿ ಹೊರಗಿನ ಅಭ್ಯರ್ಥಿಯಾಗಿ ಕೂರಬಹುದು. ಇವುಗಳ ಭರವಸೆಯ ಮೇಲೆಯೇ ನಾವು ಹೊರಟೆವು.

ಮೊದಲ ನಾಲ್ಕು ತಿಂಗಳು ನಾನು ಮಾಡಿದ್ದು ಹೋಮ್‌ಸ್ಕೂಲಿಂಗ್ ಅಲ್ಲ, ಒಬ್ಬಳೇ ವಿದ್ಯಾರ್ಥಿನಿಯ ಶಾಲೆ. ಊಟದ ಕೋಣೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿ, ಬೆಳಿಗ್ಗೆ ಎಂಟೂವರೆಯಿಂದ ಒಂದರವರೆಗೆ ತಾಸಿನ ಲೆಕ್ಕದಲ್ಲಿ ಕೂರಿಸುತ್ತಿದ್ದೆ. ಹೊಟ್ಟೆನೋವು ಮರಳಿ ಬಂತು, ಈ ಸಲ ನನ್ನನ್ನು ಕಂಡು. ದಸರೆಯ ಹೊತ್ತಿಗೆ ಆ ಪಟ್ಟಿಯನ್ನು ಹರಿದು ತೆಗೆದೆ. ನಿಧಾನವಾಗಿ ಕಂಡುಕೊಂಡ ಸಂಗತಿಯೆಂದರೆ, ಹಾಜರಿ ಕರೆಯುವುದು, ಸಾಲು ನಿಲ್ಲಿಸುವುದು, ಇತರರು ಬರೆದು ಮುಗಿಸುವವರೆಗೆ ಕಾಯುವುದು ಇವೆಲ್ಲ ಕಳೆದರೆ ಎಂಟು ವರ್ಷದ ಮಗುವಿನ ಕೂತು ಕಲಿಯುವ ಕೆಲಸ ದಿನಕ್ಕೆ ಎರಡು ತಾಸಿನಲ್ಲಿ ಆಗುತ್ತದೆ. ಉಳಿದ ಹೊತ್ತೆಲ್ಲ ಅವಳದು. ಮನೆಯಲ್ಲಿ ಕಲಿಸುವುದರ ಅತಿ ದೊಡ್ಡ ಲಾಭ ಯಾವುದೆಂದು ಕೇಳಿದರೆ ಇಂದಿಗೂ ನಾನು ಆ ಉಳಿದ ಹೊತ್ತನ್ನೇ ಹೇಳುತ್ತೇನೆ.

ದೀಪಾವಳಿಗೆ ಬಂದ ಅತ್ತೆಯವರು ಮರಳಿ ಧಾರವಾಡಕ್ಕೆ ಹೋಗಲಿಲ್ಲ. ಮೊಮ್ಮಗಳಿಗೆ ಓದು ಬಾರದೆಂಬುದು ಅವರಿಗೆ ಎರಡನೆಯ ದಿನವೇ ತಿಳಿಯಿತು, ಮೂರನೆಯ ದಿನ ಪಾಟಿ ತರಿಸಿದರು. ಇಂಗ್ಲಿಷು ಬದಿಗಿರಲಿ, ಮೊದಲು ಒಂದು ಅಕ್ಷರಮಾಲೆ ಕೈಗೆ ಹತ್ತಲಿ ಎಂಬುದು ಅವರ ವಾದ. ಕನ್ನಡದಲ್ಲಿ ಕಂಡ ಅಕ್ಷರವನ್ನು ಉಚ್ಚರಿಸಿದರೆ ಶಬ್ದವಾಗುತ್ತದೆ. ಬರೆದುದೊಂದು, ಓದುವುದೊಂದು ಎಂಬ ಭಯವಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕಾಗುಣಿತ ಮುಗಿಯಿತು, ಯುಗಾದಿಗೆ ಅವಳು ಅಜ್ಜಿಗೆ ಪತ್ರಿಕೆಯ ತಲೆಬರಹಗಳನ್ನು ಓದಿ ಹೇಳುತ್ತಿದ್ದಳು. ಆಮೇಲೆ ದೇವನಾಗರಿಗೆ ಬಂದಾಗ ಆದುದನ್ನು ನಾನು ನಿರೀಕ್ಷಿಸಿರಲಿಲ್ಲ. ಕವರ್ಗ, ಚವರ್ಗ, ಟವರ್ಗಗಳ ಸಾಲು ಎರಡರಲ್ಲಿಯೂ ಅದೇ. ಗಂಟಲಿನಿಂದ ತುಟಿಯವರೆಗೆ ಧ್ವನಿ ನಡೆದುಬರುವ ಕ್ರಮವೂ ಅದೇ. ಹಿಂದಿಯಲ್ಲಿ ಇಲ್ಲದ 'ಳ' ಕೂಡ ಕನ್ನಡ, ಮರಾಠಿ ಎರಡಕ್ಕೂ ಇದೆ. ಬದಲಾಗುವುದು ಆಕಾರ ಮಾತ್ರ. ನಮ್ಮಲ್ಲಿ ಎ, ಏ ಎಂದು ಎರಡಿರುವಾಗ ಮರಾಠಿಗೆ ಒಂದೇ ಸಾಕಾಗುವುದು ಹೇಗೆ ಎಂದು ಅವಳೇ ಕೇಳಿದಳು. ದೇವನಾಗರಿ ಅವಳಿಗೆ ಆರು ವಾರದ ಕೆಲಸವಾಯಿತು, ಇಂಗ್ಲಿಷಿನ ಓದು ಅದರ ಹಿಂದೆಯೇ ಬಂತು. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮಾಧ್ಯಮ ಮನೆಮಾತಾಗಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದಾಗ ಅತ್ತೆಯವರು ಆ ಸುದ್ದಿಯನ್ನು ಎರಡು ಸಲ ಓದಿಸಿಕೊಂಡರು.

ಭಿನ್ನರಾಶಿಯ ಪಾಠ ಮಂಡಈಯಲ್ಲಿ, ಅಂದರೆ ತರಕಾರಿ ಮಾರುಕಟ್ಟೆಯಲ್ಲಿ ಆಯಿತು. ಮಹಾತ್ಮಾ ಫುಲೆ ಮಂಡಈಯ ಕಲ್ಲಿನ ಕಟ್ಟಡದೊಳಗೆ ತರಕಾರಿ ಕೊಳ್ಳಲು ಹೋದಾಗ, ಕಾಲು ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋಗಳ ಲೆಕ್ಕವನ್ನು ಅವಳೇ ಮಾಡಬೇಕೆಂಬ ನಿಯಮವಿತ್ತು. ನಾವು ಮುಕ್ಕಾಲು ಎನ್ನುವುದನ್ನು ಮರಾಠಿಯವರು 'ಪಾಊಣ' ಎನ್ನುತ್ತಾರೆ. ನಮ್ಮ ಮಾತಿನಲ್ಲಿರುವುದು ಮೂರು ಕಾಲು. ಅವರ ಮಾತಿನಲ್ಲಿರುವುದು ಪಾದ ಊನ, ಅಂದರೆ ಕಾಲು ಕಡಿಮೆ. ನಾವು ಒಂದೂಮುಕ್ಕಾಲು ಎಂದು ಒಂದರ ಮೇಲೆ ಏರಿಸುತ್ತೇವೆ, ಅವರು 'ಪಾವಣೇ ದೋನ್' ಎಂದು ಎರಡರಿಂದ ಇಳಿಸುತ್ತಾರೆ. ಇದನ್ನು ಮಗಳು ಈರುಳ್ಳಿಯವಳ ತಕ್ಕಡಿಯ ಮುಂದೆ ನಿಂತು ಕಂಡುಹಿಡಿದು, ಎರಡೂ ಒಂದೇ ತೂಕವೆಂದು ಖಚಿತ ಮಾಡಿಕೊಳ್ಳಲು ಮತ್ತೊಮ್ಮೆ ತೂಗಿಸಿದಳು. ಕೂಡುವುದೂ ಕಳೆಯುವುದೂ ಒಂದೇ ಜಾಗವನ್ನು ಮುಟ್ಟಬಹುದೆಂಬುದನ್ನು ಪುಸ್ತಕದಿಂದ ಅಷ್ಟು ಚೆನ್ನಾಗಿ ಕಲಿಸಲು ನನಗೆ ಸಾಧ್ಯವಾಗುತ್ತಿರಲಿಲ್ಲ. ಎರಡು ಭಾಷೆಗಳ ನಡುವೆ ಬದುಕುವ ಮನೆಗೆ ಇರುವ ಸಂಪತ್ತು ಇದು. ಅದೇ ಮಗುವಿಗೆ ಶಾಲೆಯಲ್ಲಿ ಅದು ತೊಡಕಾಗಿ ಕಾಣುತ್ತಿತ್ತು.

ಹತ್ತು ತುಂಬುವ ಮೊದಲು ಅವಳಿಗೆ ಪಾನಶೆತ್ ಪ್ರವಾಹದ ಗೀಳು ಹತ್ತಿತು. 1961ರ ಜುಲೈ 12ರಂದು, ಇನ್ನೂ ಪೂರ್ತಿಯಾಗದಿದ್ದ ಪಾನಶೆತ್ ಅಣೆಕಟ್ಟು ಒಡೆದು, ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಬಿರಿದು, ಮುಠಾ ನದಿ ಪುಣೆಯ ಪೇಠೆಗಳೊಳಗೆ ನುಗ್ಗಿದ ಕಥೆಯನ್ನು ಯಾರೋ ಹೇಳಿದ್ದರು. ಮೂರು ತಿಂಗಳು ಬೇರೆ ಮಾತಿಲ್ಲ. ನಾರಾಯಣ ಪೇಠ, ಶನಿವಾರ ಪೇಠಗಳಲ್ಲಿ ಹಳೆಯ ವಾಡೆಗಳ ಮುಂದೆ ನಿಂತು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳುವುದು, ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ ಎತ್ತರವನ್ನು ಅಳತೆಯ ಟೇಪಿನಿಂದ ಅಳೆದು ವಹಿಯಲ್ಲಿ ಬರೆಯುವುದು. ಟಿಎಂಸಿ ಎಂದರೇನೆಂದು ಅಪ್ಪನನ್ನು ಕೇಳಿ, 100 ಕೋಟಿ ಘನ ಅಡಿಯೆಂದು ತಿಳಿದ ಮೇಲೆ ಅದನ್ನು ಲೀಟರಿಗೆ ತಿರುಗಿಸಿ, ಸುಮಾರು 2,830 ಕೋಟಿ ಎಂಬ ಉತ್ತರ ಬಂದಾಗ ನಂಬದೆ ಮೂರು ಸಲ ಗುಣಿಸಿದಳು. ಒಬ್ಬ ಅಜ್ಜಿ, ಆ ದಿನ ತನ್ನ ಶಾಲೆಯ ಪುಸ್ತಕಗಳೆಲ್ಲ ಹೋದವೆಂದು ಹೇಳುತ್ತ ಅತ್ತುಬಿಟ್ಟರು. ಮಗಳು ಆಕೆಯ ಕೈ ಹಿಡಿದುಕೊಂಡು ಕೂತಿದ್ದಳು. ಅವಳ ಮರಾಠಿ ತಿದ್ದಿಕೊಂಡದ್ದು ಆ ಹಿರಿಯರ ಬಾಯಿಂದ. ವಾರಕ್ಕೆ ಆರು ದಿನ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತುವ ಮಗುವಿಗೆ ಮೂರು ತಿಂಗಳು ಒಂದೇ ಪ್ರಶ್ನೆಯ ಹಿಂದೆ ಹೋಗುವ ಅವಕಾಶ ಎಲ್ಲಿಂದ ಬರಬೇಕು?

ಇನ್ನು ಕೊರತೆಗಳು. ಕೆಲವು ಸಣ್ಣವು, ಬೇಗ ಹೇಳಿ ಮುಗಿಸಬಹುದು. ಆಗ ಐದನೆಯ ಮತ್ತು ಎಂಟನೆಯ ತರಗತಿಗೆ ಇದ್ದ ರಾಜ್ಯ ಶಿಷ್ಯವೃತ್ತಿ ಪರೀಕ್ಷೆಗೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕಿತ್ತು. ಅಂತರಶಾಲಾ ಆಟಗಳಿಗೆ ಶಾಲೆಯಿಲ್ಲದವಳು ಯಾವ ತಂಡದಲ್ಲಿ ಆಡಬೇಕು? ಪ್ರಯೋಗಾಲಯವಿಲ್ಲ. ಗುರುತಿನ ಚೀಟಿ ಕೇಳಿದಲ್ಲೆಲ್ಲ ವಿವರಣೆ ಕೊಡಬೇಕು. ಇವೆಲ್ಲ ಕಿರಿಕಿರಿಗಳೇ ಹೊರತು ಕಾರಣಗಳಲ್ಲ.

ನನ್ನನ್ನು ಅಲುಗಾಡಿಸಿದ್ದು ಬೇರೆ. 2018ರ ಮಳೆಗಾಲದಲ್ಲಿ ನಮ್ಮ ಕಟ್ಟಡದ ಮಗ್ಗುಲಲ್ಲಿ ಹನ್ನೊಂದು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಪುಣೆಯಲ್ಲಿ ಇಂಥ ಕೆಲಸಗಳಲ್ಲಿ ಕನ್ನಡ ಕೇಳಿಸುವುದು ಹೊಸದಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದವರು ತಗಡಿನ ಶೆಡ್ಡು ಹಾಕಿಕೊಂಡು ಇರುತ್ತಾರೆ. ಯಾದಗಿರಿ ಕಡೆಯ ಒಂದು ಕುಟುಂಬದಲ್ಲಿ ಮಗಳ ವಯಸ್ಸಿನದೇ ಹುಡುಗಿ ಇದ್ದಳು. ತಾಯಿ ಬುಟ್ಟಿ ಹೊರುವಾಗ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಗೇಟಿನವರೆಗೆ ಬರುತ್ತಿದ್ದಳು, ಮಗಳೊಡನೆ ಕನ್ನಡ ಮಾತನಾಡುತ್ತಿದ್ದಳು. ಒಂದು ದಿನ ಮಹಾನಗರಪಾಲಿಕೆಯ ಶಾಲೆಯ ಶಿಕ್ಷಕಿಯೊಬ್ಬರು ಶಾಲೆಗೆ ಹೋಗದ ಮಕ್ಕಳ ಸಮೀಕ್ಷೆಗೆಂದು ವಹಿ ಹಿಡಿದು ಬಂದರು. ಗೇಟಿನಲ್ಲಿ ಇಬ್ಬರು ಹುಡುಗಿಯರೂ ನಿಂತಿದ್ದರು. ಶಾಲೆಗೆ ಹೋಗುತ್ತೀಯಾ ಎಂದು ಕೇಳಿದರು, ಇಬ್ಬರೂ ಇಲ್ಲವೆಂದರು. ಇಬ್ಬರ ಹೆಸರನ್ನೂ ಒಂದರ ಕೆಳಗೊಂದು ಬರೆದರು, ಮೇಲೆ 'ಶಾಲಾಬಾಹ್ಯ' ಎಂದಿತ್ತು.

ನಾನು ಕೆಳಗಿಳಿದು ಹೋಗಿ, ನನ್ನ ಮಗಳದು ಹಾಗಲ್ಲ, ನಾವು ಮನೆಯಲ್ಲಿ ಕಲಿಸುತ್ತೇವೆ, ಅವಳು ಮೂರು ಲಿಪಿ ಓದುತ್ತಾಳೆ ಎಂದು ಮರಾಠಿಯಲ್ಲಿ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, ನೀವು ಕಲಿಸುತ್ತೀರೆಂಬುದನ್ನು ನಾನು ಹೇಗೆ ನೋಡಲಿ, ಇವಳ ತಾಯಿಯೂ ಮನೆಯಲ್ಲೇ ಕಲಿಸುತ್ತೇನೆ ಎಂದರೆ ನಾನೇನು ಬರೆಯಲಿ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಕಾಯ್ದೆಯ ಬಿಗಿಯನ್ನು ದೂರುವಾಗ ಅದು ಯಾರಿಗಾಗಿ ಬಂದಿದೆ ಎಂಬುದನ್ನು ಮರೆತಿರುತ್ತೇವೆ. ಎಲ್ಲ ಮಕ್ಕಳೂ ಶಾಲೆಯಲ್ಲಿರಬೇಕು ಎಂಬ ಒರಟು ನಿಯಮವೊಂದೇ ಸೊಂಟದ ಮೇಲೆ ತಮ್ಮನನ್ನು ಹೊತ್ತ ಹುಡುಗಿಯ ಪರವಾಗಿ ಬಾಗಿಲು ತಟ್ಟುವುದು. ನಮ್ಮಂಥವರಿಗೆಂದು ಅದರಲ್ಲಿ ದೊಡ್ಡ ಕಿಂಡಿ ಕೊರೆದರೆ ಮೊದಲು ಆ ಕಿಂಡಿಯಿಂದ ಹೊರಬೀಳುವವಳು ಅವಳೇ. ಮನೆಯಲ್ಲಿ ಕಲಿಸಲು ಕಾನೂನಿನ ಸ್ಪಷ್ಟ ಒಪ್ಪಿಗೆ ಬೇಕೆಂದು ನಾನೂ ಬಯಸುತ್ತೇನೆ. ಆದರೆ ಅದರ ಜೊತೆಗೆ, ವರ್ಷಕ್ಕೊಮ್ಮೆ ಯಾರಾದರೂ ಬಂದು ಮಗುವನ್ನು ಕಂಡು ಮಾತನಾಡಿಸಿ ಹೋಗುವ ವ್ಯವಸ್ಥೆಯೂ ಇರಲೇಬೇಕು. ಅದನ್ನು ಅವಮಾನವೆಂದು ತಿಳಿಯುವ ಮನೆಗಳ ವಾದವನ್ನು ನಾನು ಒಪ್ಪಲಾರೆ.

ಆ ಹುಡುಗಿಯನ್ನು ಸೇರಿಸಲು ನಾನೂ ಅವಳ ತಾಯಿಯೂ ಆ ಶಿಕ್ಷಕಿಯ ಶಾಲೆಗೆ ಹೋದೆವು. ಜನನ ದಾಖಲೆಯಿರಲಿಲ್ಲ, ವಯಸ್ಸಿನ ಪುರಾವೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 14ನೆಯ ಕಲಮು ಹೇಳುತ್ತದೆ, ಅಲ್ಲಿಯೂ ಯಾರೂ ನಿರಾಕರಿಸಲಿಲ್ಲ. ಏಳು ತಿಂಗಳು ಹೋದಳು. ಆಮೇಲೆ ಕಟ್ಟಡ ಮುಗಿದು, ಹಿಂಜವಡಿಯ ಕಡೆ ಹೊಸ ಕೆಲಸ ಹಿಡಿದು ಅವರ ಶೆಡ್ಡುಗಳೆಲ್ಲ ಎದ್ದುಹೋದವು.

ಇದೇ ಸುಮಾರಿಗೆ ಕನ್ನಡಿಗರ ಕಾರ್ಯಕ್ರಮವೊಂದರಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ನಮ್ಮ ವಿಷಯ ವಿಚಾರಿಸಿದರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಕೋಟೆ (ಫೋರ್ಟ್) ಭಾಗದ ಹೋಟೆಲೊಂದರಲ್ಲಿ ಹಗಲೆಲ್ಲ ಕಪ್ಪುಬಸಿ ತೊಳೆದು, ಸಂಜೆ ಏಳಕ್ಕೆ ಕನ್ನಡ ರಾತ್ರಿಶಾಲೆಗೆ ಹೋಗಿ ಹತ್ತನೆಯದನ್ನು ಮುಗಿಸಿದವರು ಅವರು. ಅಲ್ಲಿ ಕಲಿಸಿದ ಪಾಠ ಬಹಳವೇನೂ ನೆನಪಿಲ್ಲ, ನಿದ್ದೆ ಬರುತ್ತಿತ್ತು ಎಂದರು. ಆದರೆ ದಿನವಿಡೀ ಹೆಸರಿಲ್ಲದೆ ಕೆಲಸ ಮಾಡುತ್ತಿದ್ದ ತನ್ನನ್ನು ಅಲ್ಲಿ ಹಾಜರಿಪುಸ್ತಕದಿಂದ ಹೆಸರು ಹಿಡಿದು ಕರೆಯುತ್ತಿದ್ದರು, ಮಗ್ಗುಲಲ್ಲಿ ತನ್ನಂಥವರೇ ಕೂತಿರುತ್ತಿದ್ದರು ಎಂದರು. ನಾನು ಸಮಯ ವ್ಯರ್ಥವೆಂದು ಕಳೆದುಹಾಕಿದ್ದ ಹಾಜರಿಯ ಹತ್ತು ನಿಮಿಷವನ್ನು ಅವರು ಐವತ್ತು ವರ್ಷ ಕಾಪಾಡಿಕೊಂಡಿದ್ದರು.

ಮನೆಯಲ್ಲಿ ಕಲಿತವರ ದೊಡ್ಡ ಉದಾಹರಣೆಯಾಗಿ ನಮ್ಮ ವಲಯದಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಬರುತ್ತದೆ. ಪುಣೆಯ ಕನ್ನಡಿಗರಿಗೆ ಅವರ ಮೇಲೆ ಎರಡು ಪಟ್ಟು ಅಭಿಮಾನ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದ್ದ ವಿರೋಧವನ್ನು ಬಿಟ್ಟು, ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. 1858ರಲ್ಲಿ ಅಲ್ಲಿಯೇ ರಮಾಬಾಯಿ ಹುಟ್ಟಿದರು. ಮುಂದೆ ಊರೂರು ತಿರುಗುವ ತೀರ್ಥಯಾತ್ರೆಯ ಬದುಕಿನಲ್ಲಿ, ನಸುಕಿನಲ್ಲಿ ಎಬ್ಬಿಸಿ ಕೂರಿಸಿಕೊಂಡು ಪಾಠ ಹೇಳಿದವಳು ತಾಯಿ ಲಕ್ಷ್ಮೀಬಾಯಿ. ಇಪ್ಪತ್ತನೆಯ ವಯಸ್ಸಿಗೆ, 1878ರಲ್ಲಿ, ಕಲ್ಕತ್ತೆಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತೆಯೆಂದು ಕರೆದರು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ರಮಾಬಾಯಿ ತಮ್ಮ ಬಾಲ್ಯದ ಬಗ್ಗೆ ಬರೆಯುವಾಗ ಇನ್ನೊಂದು ಮುಖವನ್ನೂ ಮರೆಮಾಚಿಲ್ಲ: ಹೊರಗಿನವರ ಸಂಪರ್ಕವಾದರೆ ಮಕ್ಕಳು ಕೆಡುತ್ತಾರೆಂದು ತಂದೆತಾಯಿ ಅಂಜುತ್ತಿದ್ದರು, ಸಂಸ್ಕೃತವನ್ನು ಬಿಟ್ಟು ಬೇರೆ ವಿದ್ಯೆಗೆ ಎಡೆಯಿರಲಿಲ್ಲ, ಲೌಕಿಕ ಶಿಕ್ಷಣವೆಂದರೆ ದೂರ. ಕ್ಷಾಮ ಬಂದು ಕೈಯಲ್ಲಿದ್ದುದೆಲ್ಲ ಕರಗಿದಾಗ, ಶ್ಲೋಕಗಳನ್ನು ಸಾವಿರಗಟ್ಟಲೆ ಬಲ್ಲ ಆ ಕುಟುಂಬಕ್ಕೆ ದುಡಿದು ಉಣ್ಣುವ ಒಂದು ಕಸುಬೂ ತಿಳಿದಿರಲಿಲ್ಲ, ತಂದೆತಾಯಿ ಇಬ್ಬರೂ ತೀರಿಕೊಂಡರು. 1882ರಲ್ಲಿ ಪುಣೆಗೆ ಬಂದ ರಮಾಬಾಯಿ, ಆ ವರ್ಷವೇ, ಶಿಕ್ಷಣದ ಸ್ಥಿತಿಯನ್ನು ವಿಚಾರಿಸಲು ಸರಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹೇಳಿಕೆ ಕೊಟ್ಟರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. ಮನೆಯಲ್ಲಿ ಅಷ್ಟು ಕಲಿತ ಆಕೆ ಕಟ್ಟಿದ್ದು ಶಾಲೆಯನ್ನು. ನನಗೆ ಅವರ ಬದುಕು ಹೋಮ್‌ಸ್ಕೂಲಿಂಗ್‌ನ ಪರವಾದ ಸಾಕ್ಷಿಯೂ ಹೌದು, ಎಚ್ಚರಿಕೆಯೂ ಹೌದು. ತಾಯಿ ಕೊಟ್ಟಷ್ಟನ್ನು ಯಾವ ಶಾಲೆಯೂ ಆಕೆಗೆ ಕೊಡುತ್ತಿರಲಿಲ್ಲ. ತಂದೆತಾಯಿ ನೋಡಲು ಬಯಸದೆ ಇದ್ದುದೇನೂ ಮಕ್ಕಳಿಗೂ ಕಾಣಲಿಲ್ಲ.

ನಮ್ಮ ಮನೆಯಲ್ಲಿಯೂ ಹಾಗೆಯೇ ಆಗುತ್ತಿತ್ತು. ಇತಿಹಾಸ, ಭಾಷೆ, ಲೆಕ್ಕ ನನಗೆ ಪ್ರಿಯ, ಅವು ಅವಳಲ್ಲಿ ಉಬ್ಬಿ ಬೆಳೆದವು. ಚಿತ್ರಕಲೆ ನನಗೆ ಬಾರದು, ಹಾಗಾಗಿ ಐದು ವರ್ಷದಲ್ಲಿ ಅವಳ ಬಣ್ಣದ ಡಬ್ಬಿ ಒಣಗಿಹೋಯಿತು. ಅವಳಿಗೆ ಅದರಲ್ಲಿ ಆಸಕ್ತಿಯಿಲ್ಲ ಎಂದೇ ನಾನು ನಂಬಿದ್ದೆ. ಶಾಲೆಯಲ್ಲಿ ಮಗು ವರ್ಷಕ್ಕೆ ಏಳೆಂಟು ಶಿಕ್ಷಕರನ್ನು ಕಾಣುತ್ತದೆ. ಒಬ್ಬರನ್ನು ಮೆಚ್ಚುತ್ತದೆ, ಒಬ್ಬರಿಗೆ ಹೆದರುತ್ತದೆ, ಒಬ್ಬರ ಕಣ್ಣಿಗೆ ದಡ್ಡನಾಗಿ ಇನ್ನೊಬ್ಬರ ಕಣ್ಣಿಗೆ ಜಾಣನಾಗುತ್ತದೆ. ನನ್ನ ಮಗಳನ್ನು ನೋಡುತ್ತಿದ್ದುದು ಎರಡೇ ಕಣ್ಣು. ಅವಳು ತಪ್ಪು ಮಾಡುವ ಮೊದಲೇ ಎಲ್ಲಿ ತಪ್ಪುತ್ತಾಳೆಂದು ನನಗೆ ಗೊತ್ತಾಗುತ್ತಿತ್ತು, ಅದನ್ನು ನಾನು ಒಳ್ಳೆಯ ಶಿಕ್ಷಕಿಯ ಲಕ್ಷಣವೆಂದು ಭಾವಿಸಿದ್ದೆ. ಗೆಳತಿಯರು ಇರಲಿಲ್ಲವೆಂದಲ್ಲ, ಸಂಜೆ ಆಟಕ್ಕೆ, ಭಾನುವಾರ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಹೋಗಲು ಗುಂಪಿತ್ತು. ಆದರೆ ಆ ಗುಂಪನ್ನು ಆರಿಸಿದವಳು ನಾನು. ಹೋಮ್‌ಸ್ಕೂಲಿಂಗ್ ಮಕ್ಕಳಿಗೆ ಜನರೊಡನೆ ಬೆರೆಯಲು ಬರುವುದಿಲ್ಲವೆಂಬ ಮಾತು ನಮ್ಮ ಅನುಭವದಲ್ಲಿ ಸುಳ್ಳು, ಅವಳು ಎಂಬತ್ತರ ಅಜ್ಜಿಯೊಡನೆಯೂ ಹರಟುತ್ತಿದ್ದಳು. ಅವಳಿಗೆ ಸಿಗದೆ ಹೋದದ್ದು ತನಗೆ ಸೇರದವರೊಡನೆ ಒಂದೇ ಬೆಂಚಿನಲ್ಲಿ ವರ್ಷವಿಡೀ ಕೂರುವ ಅಭ್ಯಾಸ.

2020ರ ಮಾರ್ಚಿನಲ್ಲಿ ಎಲ್ಲ ಮಕ್ಕಳೂ ಮನೆ ಸೇರಿದಾಗ, ಈಗ ಎಲ್ಲರದೂ ಹೋಮ್‌ಸ್ಕೂಲಿಂಗೇ ಎಂದು ಜನ ಹೇಳುತ್ತಿದ್ದರು. ಅದು ಸರಿಯಲ್ಲ. ಫೋನಿನ ಪರದೆಯ ಮುಂದೆ ಹಾಜರಿ ಹೇಳುತ್ತ ಕೂರುವುದರಲ್ಲಿ ಶಾಲೆಯ ಗೆಳೆತನವೂ ಇಲ್ಲ, ಮನೆಯ ಬಿಡುವೂ ಇಲ್ಲ. ಆದರೆ ಆ ಎರಡು ವರ್ಷ ಮಗಳಿಗೆ ತಾನು ಬೇರೆಯವಳೆಂಬ ಭಾವನೆ ಇರಲಿಲ್ಲ, ಅದಕ್ಕೇ ನಾನು ಬರಲಿರುವುದನ್ನು ಕಾಣಲಿಲ್ಲ.

2022ರ ಆರಂಭದಲ್ಲಿ ಶಾಲೆಗಳು ತೆರೆದವು. ಕಟ್ಟಡದ ಹುಡುಗಿಯರು ಸಂಜೆ ಮೆಟ್ಟಿಲ ಮೇಲೆ ಕೂತು ತಾಸುಗಟ್ಟಲೆ ಅಂದಿನ ಕಥೆ ಹೇಳಿಕೊಳ್ಳುತ್ತಿದ್ದರು. ಫೆಬ್ರುವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಎಂದಿನಂತೆ, ಇವತ್ತು ಏನೇನಾಯಿತು ಎಂದು ಕೇಳಿದರು, ಎಂದಿನಂತೆ ನಾನು ಹೇಳತೊಡಗಿದೆ. ಮಗಳು ತಟ್ಟೆಯಿಂದ ತಲೆಯೆತ್ತಿ, "ಅವ್ವಾ, ಇವತ್ತ ಏನಾತು ಅಂತ ನೀ ನನಗ ಒಮ್ಮೆನೂ ಕೇಳಿಲ್ಲ" ಎಂದಳು. ಕೋಪದಿಂದ ಹೇಳಿದ್ದಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ, "ನಿನಗ ಎಲ್ಲಾ ಗೊತ್ತಿರ್ತದ. ನನ್ನ ಹತ್ರ ಹೇಳ್ಳಿಕ್ಕೆ ಏನೂ ಉಳಿಯೂದ ಇಲ್ಲ" ಎಂದಳು. ಅತ್ತೆಯವರು ಅನ್ನ ಬಡಿಸುವ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿಗೆ ಬೇಕಾದ ಎಲ್ಲವನ್ನೂ ಕೊಡುವ ಹಟದಲ್ಲಿ, ನಾನಿಲ್ಲದ ಜಾಗವೊಂದನ್ನು ಕೊಡಲು ಮರೆತಿದ್ದೆ. ಅಂಥ ಜಾಗವನ್ನು ಮನೆ ತಾನಾಗಿ ಕೊಡಲಾರದು, ಎಷ್ಟೇ ಒಳ್ಳೆಯ ಮನೆಯಾದರೂ. ಮುಂದಿನ ವಾರ ಅವಳನ್ನೇ ಕೇಳಿದೆವು. ಶಾಲೆಗೆ ಹೋಗುತ್ತೇನೆ ಎಂದಳು.

ಎಂಟನೆಯ ಇಯತ್ತೆಗೆ ಪ್ರವೇಶ ಸಿಗುವುದು ಸುಲಭವಾಗಲಿಲ್ಲ. ಮೊದಲು ಹೋದ ಎರಡು ಶಾಲೆಗಳು ಎಲ್‌ಸಿ, ಅಂದರೆ ಹಿಂದಿನ ಶಾಲೆ ಬಿಟ್ಟ ಪ್ರಮಾಣಪತ್ರ, ಇಲ್ಲದೆ ಮುಟ್ಟುವುದಿಲ್ಲವೆಂದವು. ಹಳೆಯ ಎಲ್‌ಸಿ ಎರಡನೆಯ ಇಯತ್ತೆಯದು. ಶಾಲೆಯಿಂದ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂಬ 4ನೆಯ ಕಲಮನ್ನು, ಯಾದಗಿರಿಯ ಆ ಹುಡುಗಿಯಂಥವರಿಗಾಗಿ ಬರೆದ ಕಲಮನ್ನು, ನಾನು ನನ್ನ ಮಗಳಿಗಾಗಿ ಮುದ್ರಿಸಿಕೊಂಡು ಮೂರನೆಯ ಶಾಲೆಗೆ ಒಯ್ದೆ. ಅಲ್ಲಿಯ ಮುಖ್ಯಾಧ್ಯಾಪಕರು ಅವಳಿಂದ ಒಂದು ಪುಟ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ ಸೇರಿಸಿಕೊಂಡರು. ಓದಿನಲ್ಲಿ ಅವಳು ಹಿಂದೆ ಬೀಳಲಿಲ್ಲ. ಬರೆಯುವುದರಲ್ಲಿ ಬಿದ್ದಳು: ಗಡಿಯಾರ ನೋಡಿಕೊಂಡು ಎರಡು ತಾಸು ಒಂದೇ ಸಮನೆ ಬರೆದು ಗೊತ್ತಿರಲಿಲ್ಲ, ಮೊದಲ ಘಟಕ ಪರೀಕ್ಷೆಯಲ್ಲಿ ಬಂದುದನ್ನೆಲ್ಲ ಬರೆಯುವ ಮೊದಲೇ ಗಂಟೆ ಹೊಡೆಯಿತು. ಪ್ರಶ್ನೆ ಕೇಳಲು ಕೈಯೆತ್ತಿ ಕಾಯಬೇಕೆಂಬುದೂ ಹೊಸದು. ಜುಲೈನಲ್ಲಿ ಎರಡು ಸಲ ಅತ್ತಳು, ಬಿಡಲೇ ಎಂದು ಕೇಳಿದಾಗ ಬೇಡವೆಂದಳು. ಆಗಸ್ಟಿನಲ್ಲಿ ಚಿತ್ರಕಲೆಯ ಶಿಕ್ಷಕರು ಬಣ್ಣದ ಡಬ್ಬಿ ತರಲು ಹೇಳಿದ್ದಾರೆಂದು ಚೀಟಿ ತಂದಳು.

ಈಗ ಪರಿಚಯದ ಕನ್ನಡದ ತಾಯಂದಿರು, ಹೆಚ್ಚಾಗಿ ಐಟಿ ಕಂಪನಿಗಳಲ್ಲಿ ದುಡಿಯುವವರು, ಮಗುವನ್ನು ಮನೆಯಲ್ಲೇ ಕಲಿಸೋಣವೇ ಎಂದು ನನ್ನನ್ನು ಕೇಳುತ್ತಾರೆ. ಬೇಡವೆಂದು ನಾನು ಹೇಳುವುದಿಲ್ಲ. ಆ ಐದು ವರ್ಷವಿಲ್ಲದಿದ್ದರೆ ನನ್ನ ಮಗಳು ಓದುವುದನ್ನು ದ್ವೇಷಿಸುವವಳಾಗುತ್ತಿದ್ದಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮನೆಮಾತಿನ ಓದು ಮಾತ್ರ ಬೇಕಿದ್ದರೆ ಶಾಲೆ ಬಿಡಿಸಬೇಕಾಗಿಲ್ಲ, ದಿನಕ್ಕೆ ಅರ್ಧ ತಾಸು ಅಜ್ಜಿಯ ಪಕ್ಕದಲ್ಲಿ ಪಾಟಿ ಹಿಡಿದು ಕೂತರೆ ಆಗುತ್ತದೆ. ಬಿಡಿಸುವುದೇ ಆದರೆ ಸಂಬಳ ಬಿಡುವವರು ಯಾರು ಎಂಬುದನ್ನು ಒಂದು ಸಂಜೆಯಲ್ಲಿ ತೀರ್ಮಾನಿಸಬೇಡಿ. ನಿಮ್ಮ ಮಾತಿಗೆ ಒಪ್ಪದ ಹಿರಿಯರೊಬ್ಬರು ವಾರಕ್ಕೆರಡು ಸಲವಾದರೂ ಮಗುವಿಗೆ ಏನನ್ನಾದರೂ ಕಲಿಸುವಂತಿರಲಿ, ಆಗ ನೀವು ಆ ಕೋಣೆಯಲ್ಲಿ ಇರಬೇಡಿ. ಪ್ರತಿ ಜೂನ್‌ನಲ್ಲಿ ಮಗುವನ್ನೇ ಕೇಳಿ. ನಾನು ಐದು ಜೂನ್ ಕೇಳದೆ ಕಳೆದೆ.

ಶಾಲೆಗೆ ಸೇರಿದ ಆ ವರ್ಷ ಸಂಜೆ ಐದೂಮುಕ್ಕಾಲಿಗೆ ಅವಳು ಬಾಗಿಲು ತಟ್ಟುತ್ತಿದ್ದಳು. ಇವತ್ತು ಏನಾಯಿತು ಎಂದು ನಾನು ಕೇಳುತ್ತಿದ್ದೆ, "ಏನಿಲ್ಲ" ಎಂದು ಚೀಲ ಇಟ್ಟು ಒಳಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಕೋಣೆಯಿಂದ ಅವಳ ಧ್ವನಿ ಕೇಳಿಸುತ್ತಿತ್ತು, ಯಾರ ಹೆಸರೋ, ಯಾರದೋ ಜಗಳ, ನಡುನಡುವೆ ಅತ್ತೆಯವರ "ಆಮ್ಯಾಲ?". ನಾನು ಚಹಾಕ್ಕೆ ನೀರಿಟ್ಟು ಅಡುಗೆಮನೆಯಲ್ಲೇ ಇರುತ್ತಿದ್ದೆ.